ಯಾರು ಜಾಸ್ತಿ ಸುಳ್ಳು ಹೇಳುವುದು?

ಗಂಡಸರೇ ಜಾಸ್ತಿ ಸುಳ್ಳುಗಾರರು ಅಂತ ಇವತ್ತು ಊಟದ ಹೊತ್ತಿಗೆ ತೀರ್ಪೇ ಬಂತು. ನನಗೆ ನೆನಪಾಗಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಫೆಲ್ಡ್‌ಮನ್ 2002ರಲ್ಲಿ ಪ್ರಕಟಿಸಿದ ಅಧ್ಯಯನ. ಪರಿಚಯವಿಲ್ಲದ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಾಗಿ ಕೂರಿಸಿ 10 ನಿಮಿಷ ಹರಟಲು ಬಿಟ್ಟರು. ಗುಟ್ಟಾಗಿ ವಿಡಿಯೋ ಮಾಡಿ, ಆಮೇಲೆ ಅವರಿಗೇ ತೋರಿಸಿ, ಎಲ್ಲೆಲ್ಲಿ ಸುಳ್ಳು ಹೇಳಿದಿರಿ ಅಂತ ಕೇಳಿದರು. 60% ಜನ ಒಂದಾದರೂ ಬಿಟ್ಟಿದ್ದರು! ಗಂಡು, ಹೆಣ್ಣು ಲೆಕ್ಕದಲ್ಲಿ ಸಮಸಮ. ಬೇರೆಯಾಗಿದ್ದು ಉದ್ದೇಶ. ಹುಡುಗರದ್ದು ಹೆಚ್ಚಾಗಿ ಬಡಾಯಿ, ಹುಡುಗಿಯರದ್ದು ಎದುರಿನವರಿಗೆ ಖುಷಿಯಾಗಲಿ ಅನ್ನುವ ಸುಳ್ಳು. ಬಡಾಯಿ ಬಿಟ್ಟವರು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾರೆ. "ನಿನ್ನ ಸೀರೆ ಚೆನ್ನಾಗಿದೆ" ಅಂದಿದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ, ಅಲ್ವಾ? ಅದಕ್ಕೇ ಗಂಡಸರಿಗೆ ಕೆಟ್ಟ ಹೆಸರು ಅನ್ನುವುದು ನನ್ನ ಗುಮಾನಿ. ಸುಮ್ನೆ ಹೇಳಿದೆ, ಜಗಳಕ್ಕೆ ಬರಬೇಡಿ.