ಕೋಟೆಯ ಕಿಂಡಿಯಿಂದ ವೇದಾವತಿಯ ಗಡಿಗೆ

ತಂಗಿ ಆರು ವರ್ಷದ ಮೇಲೆ ದಾವಣಗೆರೆಗೆ ಬಂದಿದ್ದಳು. ಅವಳಿರುವುದು ಕೆನಡಾದ ಪೂರ್ವ ಅಂಚಿನ ಸೇಂಟ್ ಜಾನ್‌ನಲ್ಲಿ. 2005ರಲ್ಲಿ ಮದುವೆಯಾಗಿ ಹೋದವಳು ಅಲ್ಲೇ ನೆಲೆ ನಿಂತಳು. ಬಂದ ಮರುದಿನವೇ ಹೇಳಿದಳು: "ಅಕ್ಕಾ, ದೂರದ ಊರು ಯಾವುದೂ ಬೇಡ. ದುರ್ಗದ ಕೋಟೆ ಹತ್ತಬೇಕು. ದೊಡ್ಡಮ್ಮನ ಮನೇಲಿ ಒಂದು ರಾತ್ರಿ ಮಲಗಬೇಕು. ಮಾರಿಕಣಿವೆ ಅಣೆಕಟ್ಟು ನೋಡಬೇಕು. ಅಷ್ಟೇ."

ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟೆವು. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಹೆದ್ದಾರಿ ಚೆನ್ನಾಗಿದೆ, ಒಂದು ಗಂಟೆ ಸಾಕು. ಎರಡೂ ಕಡೆ ಮೆಕ್ಕೆಜೋಳ ಕಟಾವಾದ ಹೊಲಗಳು. ದುರ್ಗ ಹತ್ತಿರ ಬಂದಂತೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಂಡವು. ತಂಗಿ ಒಂದೊಂದನ್ನೇ ಎಣಿಸುತ್ತಾ ಕೂತಿದ್ದಳು.

ಕೋಟೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನೋಡದ ಕನ್ನಡಿಗರು ಕಡಿಮೆ. ಆದರೆ ಓಬವ್ವನ ಕಿಂಡಿಯ ಹತ್ತಿರ ನಾವು ಬಹಳ ಹೊತ್ತು ನಿಂತೆವು. ಬಂಡೆಗಳ ನಡುವೆ ಒಬ್ಬರು ಬಗ್ಗಿ ನುಸುಳುವಷ್ಟು ಜಾಗ. ಗಂಡ ಊಟಕ್ಕೆ ಕೂತಿದ್ದಾಗ ನೀರು ತರಲು ಹೋದ ಓಬವ್ವ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತಳು ಎನ್ನುವ ಕಥೆ ಚಿಕ್ಕಂದಿನಿಂದ ಕೇಳಿದ್ದೇ. ತಂಗಿ ಬಂಡೆಯ ಮೇಲೆ ಕೈಯಿಟ್ಟು ಸುಮ್ನೆ ನಿಂತಿದ್ದಳು. ಆಮೇಲೆ ಅಂದಳು, "ನಮ್ಮ ಕಡೆಯೂ ಇಂಥದೊಂದು ಕಿಂಡಿ ಇದೆ ಅಕ್ಕಾ. ನೀರಿನ ಕಿಂಡಿ."

ಅಲ್ಲೇ ನೆರಳಲ್ಲಿ ಕೂತು ಅವಳು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಮೇನ್ ರಾಜ್ಯಕ್ಕೂ ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೂ ನಡುವೆ ಪಾಸಮಕ್ವಾಡಿ ಎಂಬ ಕೊಲ್ಲಿ ಇದೆ. ಸೇಂಟ್ ಜಾನ್‌ನಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಗಡಿ ಆ ನೀರಿನ ಮೇಲೆಯೇ ಹಾದುಹೋಗುತ್ತದೆ. ಅಲ್ಲಿ ದಿನಕ್ಕೆ ಎರಡು ಸಲ ಸಮುದ್ರ ಸುಮಾರು 20 ಅಡಿ ಏರಿ ಇಳಿಯುತ್ತದೆ. ಆ ಸೆಳೆತಕ್ಕೆ ಒಂದು ದೊಡ್ಡ ಸುಳಿ ಏಳುತ್ತದೆ. ಹಂದಿ ಗುರುಗುಟ್ಟಿದ ಹಾಗೆ ಸದ್ದು ಮಾಡುವುದರಿಂದ ಜನ ಅದನ್ನು ಮುದಿ ಹಂದಿ ಅಂತಲೇ ಕರೆಯುತ್ತಾರೆ. ಮೀನು, ಲಾಬ್‌ಸ್ಟರ್ ಹಿಡಿಯುವವರ ನಾಡು ಅದು. ತಿಮಿಂಗಿಲ ನೋಡಲು ಪ್ರವಾಸಿಗರೂ ಬರುತ್ತಾರೆ.

2004ರ ಹೊತ್ತಿಗೆ ಅಮೆರಿಕದ ದಡದಲ್ಲಿ ಎಲ್‌ಎನ್‌ಜಿ ಟರ್ಮಿನಲ್ ಕಟ್ಟುವ ಮಾತು ಶುರುವಾಯಿತು. ಒಂದಲ್ಲ, ಒಂದರ ಹಿಂದೆ ಒಂದು ಮೂರು. ಮೊದಲನೆಯದು ಪಾಸಮಕ್ವಾಡಿ ಬುಡಕಟ್ಟಿನವರ ನೆಲದಲ್ಲಿ, ಸಿಪಾಯಿಕ್ ಎಂಬಲ್ಲಿ. ಎರಡನೆಯದು ರಾಬಿನ್‌ಸ್ಟನ್ ಎಂಬ ಸಣ್ಣ ಊರಲ್ಲಿ. ಮೂರನೆಯದು ಕ್ಯಾಲಿಸ್ ಊರಿನ ಹತ್ತಿರ.

ಎಲ್‌ಎನ್‌ಜಿ ಅಂದರೆ ಪೈಪಿನಲ್ಲಿ ಅಡುಗೆಮನೆಗೂ ಕಾರ್ಖಾನೆಗೂ ಬರುವ ಅದೇ ನೈಸರ್ಗಿಕ ಅನಿಲ. ಅದನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿದರೆ ನೀರಿನಂತೆ ಆಗುತ್ತದೆ. 600 ಕೊಡ ಅನಿಲ ಒಂದೇ ಕೊಡಕ್ಕೆ ಇಳಿಯುತ್ತದೆ. ಹಾಗಾಗಿ ಹಡಗಿನಲ್ಲಿ ತುಂಬಿ ಸಮುದ್ರ ದಾಟಿಸಬಹುದು. ದಡಕ್ಕೆ ತಂದು ಮತ್ತೆ ಬಿಸಿ ಮಾಡಿ, ಅನಿಲವಾಗಿಸಿ, ಪೈಪಿಗೆ ಬಿಡುವ ಜಾಗವೇ ಟರ್ಮಿನಲ್.

ಟರ್ಮಿನಲ್ ಅಮೆರಿಕದ್ದು. ಆದರೆ ಹಡಗು ಅಲ್ಲಿಗೆ ಹೋಗಬೇಕಾದರೆ ಹೆಡ್ ಹಾರ್ಬರ್ ಪ್ಯಾಸೇಜ್ ಎಂಬ ಇಕ್ಕಟ್ಟಿನ ದಾರಿಯಲ್ಲೇ ನುಗ್ಗಬೇಕು. ಕ್ಯಾಂಪೊಬೆಲ್ಲೊ, ಡಿಯರ್ ಎಂಬ ಎರಡು ದ್ವೀಪಗಳ ನಡುವಿನ ಆ ದಾರಿ ಕೆನಡಾದ್ದು. ತಂಗಿ ಕಿಂಡಿ ಅಂದದ್ದು ಇದನ್ನೇ.

"ನೋಡು, ತೆರಿಗೆ ಆ ಕಡೆಯವರಿಗೆ, ಕೆಲಸವೂ ಆ ಕಡೆಯವರಿಗೆ. ಹಡಗು ಮಾತ್ರ ಈ ಕಡೆಯವರ ಬಾಗಿಲ ಮುಂದೆ ಹೋಗಬೇಕು. ಓಟು ಹಾಕುವ ಹಕ್ಕು ಈ ಕಡೆಯವರಿಗಿಲ್ಲ" ಅಂದಳು.

ಅಮೆರಿಕದ ಸಾಂಡಿಯಾ ಪ್ರಯೋಗಾಲಯ 2004ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಅನಿಲ ಸೋರಿ ಹೊತ್ತಿಕೊಂಡರೆ ಹಡಗಿನ ಸುತ್ತ 500 ಮೀಟರ್, 1,600 ಮೀಟರ್, 3,500 ಮೀಟರ್ ಹೀಗೆ ಅಪಾಯದ ವಲಯಗಳು. ನಕಾಶೆ ಮೇಲೆ ಕೈವಾರ ಇಟ್ಟು ಆ ವೃತ್ತ ಎಳೆದರೆ ಸಾಕು. ಗೆರೆ ಗಡಿ ದಾಟಿ ಕೆನಡಾದ ಮನೆಗಳ ಮೇಲೆ ಹೋಗುತ್ತದೆ. ಹಡಗು ಬರುವಾಗ ದೋಣಿಗಳು ದೂರ ಸರಿಯಬೇಕು. ಮೀನಿಗೆ ಕಾಯುತ್ತಾ ಕೂತವನು ಬಲೆ ಬಿಟ್ಟು ಎಲ್ಲಿಗೆ ಹೋಗಬೇಕು?

ಜನ ಒಟ್ಟಾದರು. ಅಮೆರಿಕದವರು, ಕೆನಡಾದವರು, ಬುಡಕಟ್ಟಿನವರು ಮೂವರೂ ಸೇರಿ 'ಸೇವ್ ಪಾಸಮಕ್ವಾಡಿ ಬೇ' ಎಂಬ ಕೂಟ ಕಟ್ಟಿಕೊಂಡರು. ಮೂರು ರಾಷ್ಟ್ರಗಳ ಕೂಟ ಅಂತ ಹೇಳಿಕೊಳ್ಳುತ್ತಿದ್ದರು. ಬುಡಕಟ್ಟನ್ನೂ ಒಂದು ರಾಷ್ಟ್ರವೆಂದೇ ಎಣಿಸಿದ್ದರು ಅನ್ನುವುದು ನನಗೆ ತುಂಬಾ ಹಿಡಿಸಿತು.

ಆದರೆ ಎಲ್ಲರೂ ಒಂದೇ ಕಡೆ ಇರಲಿಲ್ಲ. ಮೇನ್‌ನ ಆ ಮೂಲೆ ಬಡ ಜಿಲ್ಲೆ. ಮಕ್ಕಳು ಕೆಲಸಕ್ಕೆ ಊರು ಬಿಡುತ್ತಾರೆ. ರಾಬಿನ್‌ಸ್ಟನ್‌ನ ಜನ ಟರ್ಮಿನಲ್ ಬೇಕೆಂದೇ ಮತ ಹಾಕಿದರು. ಪಕ್ಕದ ಪೆರಿ ಊರಿನವರು ಅವರ ಮುಂದೆ ಬಂದ ಯೋಜನೆಗೆ ಬೇಡ ಅಂದರು. ಬುಡಕಟ್ಟಿನ ಆಡಳಿತ 2005ರಲ್ಲಿ ನೆಲ ಗುತ್ತಿಗೆಗೆ ಕೊಡಲು ಸಹಿ ಹಾಕಿತು. ಅದೇ ಬುಡಕಟ್ಟಿನ ಕೆಲವರು 'ನಮ್ಮ ನೆಲ ನಾವು ನೋಡಿಕೊಳ್ಳುತ್ತೇವೆ' ಎಂಬ ಅರ್ಥದ ಹೆಸರಿಟ್ಟುಕೊಂಡು ಅದರ ವಿರುದ್ಧ ಕೋರ್ಟಿಗೆ ಹೋದರು. ಒಂದೇ ಬಳಗ ಎರಡಾಯಿತು. ಕೆಲಸ ಬೇಕು ಅಂದವರನ್ನು ನಾನು ಬೈಯಲಾರೆ. ನಮ್ಮ ಜಗಳೂರು, ಮೊಳಕಾಲ್ಮೂರು ಕಡೆ ಹಳ್ಳಿಗೆ ಹಳ್ಳಿಯೇ ಗುಳೆ ಹೋಗುವುದನ್ನು ನೋಡಿದವಳು ನಾನು.

2007ರ ಫೆಬ್ರವರಿಯಲ್ಲಿ ಕೆನಡಾದ ರಾಯಭಾರಿ ಅಮೆರಿಕದ ಇಂಧನ ನಿಯಂತ್ರಣ ಆಯೋಗಕ್ಕೆ ಪತ್ರ ಬರೆದರು. ಹೆಡ್ ಹಾರ್ಬರ್ ಪ್ಯಾಸೇಜಿನಲ್ಲಿ ಎಲ್‌ಎನ್‌ಜಿ ಹಡಗು ಬಿಡುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಹಡಗಿಗೆ ಹಾದುಹೋಗುವ ಹಕ್ಕಿದೆ ಅಂತ ಅಮೆರಿಕ. ಅದು ನಮ್ಮ ಒಳನಾಡ ನೀರು ಅಂತ ಕೆನಡಾ. ಹಾಗೆ ಎಳೆದಾಡುತ್ತಲೇ ವರ್ಷಗಳು ಹೋದವು. ಅಷ್ಟರಲ್ಲಿ ಅಮೆರಿಕದೊಳಗೇ ಶೇಲ್ ಬಂಡೆಯಿಂದ ಅಗ್ಗದ ಅನಿಲ ಸಿಗತೊಡಗಿ, ಹೊರಗಿನಿಂದ ತರುವ ಅಗತ್ಯವೇ ಕಡಿಮೆಯಾಯಿತು. ಆಯೋಗ 2008ರಲ್ಲಿ ಮೊದಲ ಅರ್ಜಿ, 2012ರಲ್ಲಿ ಕ್ಯಾಲಿಸ್‌ನದು, 2016ರಲ್ಲಿ ರಾಬಿನ್‌ಸ್ಟನ್‌ನದು ತಳ್ಳಿಹಾಕಿತು. ಮೂರರಲ್ಲಿ ಒಂದೂ ಏಳಲಿಲ್ಲ. ಹನ್ನೆರಡು ವರ್ಷ ಜನ ಸಭೆಗೆ ಹೋದರು, ಸಾವಿರಾರು ಪುಟ ಓದಿದರು, ಆಕ್ಷೇಪ ಬರೆದರು. ಮಾರುಕಟ್ಟೆಯೂ ಅವರ ಕಡೆ ತಿರುಗಿತು, ನಿಜ. ಆದರೆ ಅವರು ಅಷ್ಟು ವರ್ಷ ತಡೆದು ನಿಲ್ಲದಿದ್ದರೆ ತಿರುಗುವ ಹೊತ್ತಿಗೆ ಟರ್ಮಿನಲ್ ನಿಂತಿರುತ್ತಿತ್ತು.

"ಗೆದ್ದಿರಲ್ಲ" ಅಂದೆ. ತಂಗಿ ತಲೆಯಾಡಿಸಲಿಲ್ಲ. ಅತ್ತ ಕಿಂಡಿ ಮುಚ್ಚಿದ ಅದೇ ಕೆನಡಾ ಇತ್ತ ಸೇಂಟ್ ಜಾನ್‌ನಲ್ಲಿ 2009ರಲ್ಲಿ ತನ್ನದೇ ಎಲ್‌ಎನ್‌ಜಿ ಟರ್ಮಿನಲ್ ತೆರೆಯಿತು. ಅಲ್ಲಿಂದ ಪೈಪು ಊರಿನ ದೊಡ್ಡ ಉದ್ಯಾನದ ಮೂಲಕ ಅಮೆರಿಕದ ಗಡಿಗೆ ಹೋಗುತ್ತದೆ. ಅಲ್ಲಿನ ಜನ ವಿರೋಧಿಸಿದರೂ ಪೈಪು ಬಂತು. 2013ರ ಸೆಪ್ಟೆಂಬರಿನ ಒಂದು ಮಂಜಿನ ರಾತ್ರಿ, ವಲಸೆ ಹೊರಟ ಸುಮಾರು 7,500 ಹಕ್ಕಿಗಳು ಆ ಟರ್ಮಿನಲ್‌ನ ಅನಿಲ ಉರಿಸುವ ಬೆಂಕಿಯ ಬೆಳಕಿಗೆ ಬಂದು ಸತ್ತವು. ಇದನ್ನು ಹೇಳುವಾಗ ಅವಳ ದನಿ ಸಣ್ಣಗಾಯಿತು. ನಾನೂ ಏನೂ ಮಾತಾಡಲಿಲ್ಲ.

ಸಂಜೆ ಹಿರಿಯೂರು ತಾಲ್ಲೂಕಿನ ದೊಡ್ಡಮ್ಮನ ಊರು ತಲುಪಿದೆವು. ಮುದ್ದೆ, ಹುರುಳಿಕಾಳಿನ ಸಾರು. ನಿದ್ದೆ ಚೆನ್ನಾಗಿ ಬಂತು.

ಬೆಳಿಗ್ಗೆ ಅಣ್ಣನ ಜೊತೆ ಹೊಲದ ಕಡೆ ನಡೆದೆವು. ಊರಿಂದ ಸ್ವಲ್ಪ ದೂರ ಹೋದ ಮೇಲೆ ಬದುವಿನಲ್ಲಿ ಒಂದು ಎಚ್ಚರಿಕೆ ಕಂಬ. ಅದರಾಚೆ ಇನ್ನೊಂದು. ಅನಿಲದ ಪೈಪು ಹೋದ ದಾರಿ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ, ಸುಮಾರು ಸಾವಿರ ಕಿಲೋಮೀಟರ್ ಉದ್ದದ ಪೈಪು 2013ರಲ್ಲಿ ಶುರುವಾಯಿತು. ಅದು ನಮ್ಮ ಎರಡೂ ಜಿಲ್ಲೆ ಹಾದು ಹೋಗುತ್ತದೆ. ನಾನು ಆ ಕಂಬಗಳನ್ನು ಎಷ್ಟೋ ಸಲ ನೋಡಿದ್ದೆ. ಏನೆಂದು ಒಮ್ಮೆಯೂ ಕೇಳಿರಲಿಲ್ಲ.

"ನೆಲ ರೈತರದೇ. ಪಹಣಿನೂ ಅವರ ಹೆಸರಲ್ಲೇ ಐತೆ. ಆದ್ರೆ ಆ ಪಟ್ಟಿ ಮೇಲೆ ಮನೆ ಕಟ್ಟಂಗಿಲ್ಲ, ಬಾವಿ ತೋಡಂಗಿಲ್ಲ, ಮರ ನೆಡಂಗಿಲ್ಲ" ಅಂದ ಅಣ್ಣ. ಶೇಂಗಾ, ಈರುಳ್ಳಿ ಬೆಳೆಯಬಹುದು. ತೆಂಗು, ಅಡಿಕೆ, ದಾಳಿಂಬೆ ಬೇಡ. ಮನೆಗೆ ಬಂದು ಹುಡುಕಿ ಓದಿದೆ. 1962ರ ಕಾನೂನು ಅದು. ನೆಲವನ್ನಲ್ಲ, ನೆಲದ ಬಳಕೆಯ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅದಕ್ಕೆ ಕೊಡುವುದು ನೆಲದ ಬೆಲೆಯ ನೂರಕ್ಕೆ 10 ಭಾಗ. ಬೆಳೆ, ಮರ ಹಾಳಾದರೆ ಅದರ ಪರಿಹಾರ ಬೇರೆ. ಅಧಿಸೂಚನೆ ಬಂದ 21 ದಿನದೊಳಗೆ ಆಕ್ಷೇಪ ಹೇಳಬಹುದು. ಹಿರಿಯೂರು ಕಡೆ ತೆಂಗು ಅಂದರೆ ಮಕ್ಕಳ ಮದುವೆ, ಓದು ಎಲ್ಲ. ಅದನ್ನು ನೆಡಬಾರದು ಅಂದ ನೆಲಕ್ಕೆ ಹತ್ತರಲ್ಲೊಂದು ಭಾಗ ಸಾಕೇ? ನನಗೆ ಸಾಲದು ಅನಿಸುತ್ತದೆ.

ತಂಗಿ ಕೇಳಿದಳು, "ದಾಭೋಲ್‌ನಲ್ಲಿ ಜನ ಏನಂದರು?"

ಅದು ನನಗೆ ಗೊತ್ತಿತ್ತು. ರತ್ನಾಗಿರಿ ಜಿಲ್ಲೆಯ ಆ ದಡದಲ್ಲಿ ಎನ್ರಾನ್ ಕಂಪನಿಯ ವಿದ್ಯುತ್ ಯೋಜನೆ ಬಂದಾಗ ಸುತ್ತಲ ಹಳ್ಳಿಗಳು ಎದ್ದಿದ್ದವು. ಎಲ್‌ಎನ್‌ಜಿ ಟರ್ಮಿನಲ್ ಆ ಯೋಜನೆಯ ಎರಡನೇ ಹಂತದ ಭಾಗ. 1997ರ ಜೂನ್ 3ರ ಬೆಳಗಿನ ಜಾವ ಪೊಲೀಸರು ವೇಲ್ದೂರ್ ಎಂಬ ಬೆಸ್ತರ ಹಳ್ಳಿಗೆ ನುಗ್ಗಿ ಹೆಂಗಸರನ್ನೂ ಎಳೆದು ಹೊಡೆದರು. ಮಾನವ ಹಕ್ಕು ಸಂಸ್ಥೆ ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಅದೇ ವರ್ಷ ಅದರ ವರದಿ ಮಾಡಿತು. ಎನ್ರಾನ್ 2001ರಲ್ಲಿ ದಿವಾಳಿಯಾಯಿತು. ಟರ್ಮಿನಲ್ ಬೇರೆಯವರ ಕೈಗೆ ಹೋಗಿ 2013ರಲ್ಲಿ ಕೆಲಸ ಆರಂಭಿಸಿತು. ಈಗ ದಾವಣಗೆರೆಯಲ್ಲೂ ಪೈಪಿನ ಅನಿಲ ಬಂದಿದೆ. ಸಿಲಿಂಡರ್ ಕಾಯುವುದು ತಪ್ಪಿತು ಅಂತ ಪರಿಚಯದವರು ಖುಷಿಪಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ವೇಲ್ದೂರ್ ಅನ್ನುವ ಹೆಸರು ನಮ್ಮ ಊರಿನಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಅದು ನನಗೆ ನೋವು ಕೊಡುತ್ತದೆ.

ಮಧ್ಯಾಹ್ನ ಮಾರಿಕಣಿವೆಗೆ ಹೋದೆವು. ವಾಣಿ ವಿಲಾಸ ಸಾಗರ. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದ ಗೋಡೆ. 1907ರಲ್ಲಿ ಮುಗಿದ ಕಟ್ಟೆ, ಇವತ್ತಿಗೂ ಗಟ್ಟಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ! ಆಗ ಹಿರಿಯೂರಿನ ಜನ ಜಾತ್ರೆಗೆ ಬಂದ ಹಾಗೆ ಬಂದಿದ್ದರಂತೆ. ನಾವು ಹೋದಾಗ ನೀರು ಕೋಡಿಗೆ ಎರಡಡಿ ಕೆಳಗಿತ್ತು. ಕಣ್ಣು ಹೋಗುವಷ್ಟು ದೂರ ನೀಲಿ.

ಅಲ್ಲಿ ನಿಂತಾಗ ನನಗೆ 1892ರ ಒಪ್ಪಂದ ನೆನಪಾಯಿತು. ಮೈಸೂರು ತನ್ನ ನದಿಗಳಿಗೆ ಹೊಸ ಅಣೆಕಟ್ಟು ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು ಅನ್ನುವ ಕರಾರು. ಆ ಪಟ್ಟಿಯಲ್ಲಿ ಕಾವೇರಿಯ ಜೊತೆ ಹಗರಿ ಅಂದರೆ ನಮ್ಮ ವೇದಾವತಿಯೂ ಇತ್ತು. ಕನ್ನಡಿಗರು ನಾವು ಆ ಕರಾರನ್ನು ಅನ್ಯಾಯ ಅಂತಲೇ ಕೇಳುತ್ತಾ ಬೆಳೆದವರು. ಅದು ಸಮಾನರ ನಡುವೆ ಆದದ್ದಲ್ಲ, ಬ್ರಿಟಿಷರ ಕೈ ಮೇಲಾಗಿತ್ತು. ಆ ಮಾತನ್ನು ನಾನು ಈಗಲೂ ಬಿಡುವುದಿಲ್ಲ. ಆದರೆ ತಂಗಿಯ ಕಥೆ ಕೇಳಿದ ಮೇಲೆ ಇನ್ನೊಂದು ಮಾತೂ ಮನಸ್ಸಿಗೆ ಬಂತು. ಈ ಗೋಡೆಯ ವಿಚಾರದಲ್ಲಿ ಮೇಲಿನವರು ನಾವು. ಕೆಳಗಿನ ಊರಿನವರಿಗೂ ಕೇಳಿಸಿಕೊಳ್ಳುವವರು ಬೇಕು, ಅಲ್ವಾ? ಅವಳಿಗೆ ಹೇಳಿದೆ. "ಹಾಗಾದ್ರೆ ಕೆಳಗೂ ಹೋಗೋಣ" ಅಂದಳು.

ಮರುದಿನ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಹೊರಟೆವು. ದಾರಿಯುದ್ದಕ್ಕೂ ಕೆಂಪು ನೆಲ, ಜಾಲಿ, ಕುರಿ ಹಿಂಡು. ಅಂಗಡಿ ಬೋರ್ಡು ಕನ್ನಡದಲ್ಲಿ, ಮಾತು ಅರ್ಧ ತೆಲುಗಿನಲ್ಲಿ. ವೇದಾವತಿ ಇಲ್ಲಿಂದ ಮುಂದೆ ಆಂಧ್ರಕ್ಕೆ ಇಳಿದು ಭೈರವಾನಿತಿಪ್ಪ ಜಲಾಶಯ ಸೇರುತ್ತಾಳೆ. ನದಿ ಅನ್ನುವುದಕ್ಕಿಂತ ಮರಳಿನ ಬಯಲು. ನಡುವೆ ಒಂದು ಸಣ್ಣ ಹರಿವು. ಗಡಿ ಎಲ್ಲಿ ಅಂತ ಹುಡುಕಿದರೂ ಕಾಣಲಿಲ್ಲ.

ದಡದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ನಮ್ಮನ್ನು ನೋಡಿ ಹತ್ತಿರ ಬಂದರು. ಎಲ್ಲಿಂದ ಬಂದಿರಿ ಅಂದರು. ಮಾರಿಕಣಿವೆ ನೋಡಿಕೊಂಡು ಬಂದೆವು ಅಂದೆ. ಅವರ ಮುಖವೇ ಬದಲಾಯಿತು.

"ನೀರು ಎಷ್ಟೈತಮ್ಮ?"

"ಕೋಡಿಗೆ ಇನ್ನು ಎರಡಡಿ" ಅಂದಳು ತಂಗಿ.

ಅಜ್ಜ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ತಿರುಗಿ, ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಕೇಳುವಂತೆ ಜೋರಾಗಿ ತೆಲುಗಿನಲ್ಲಿ ಕೂಗಿ ಹೇಳಿದರು. ಅವರು ಕೈ ನಿಲ್ಲಿಸಿ ನಮ್ಮ ಕಡೆ ನೋಡಿದರು. ಒಬ್ಬಳು ಎದ್ದು ನಿಂತು ಏನೋ ಕೇಳಿದಳು. ಅಜ್ಜ ನಮ್ಮ ಕಡೆ ತಿರುಗಿ ಕನ್ನಡಕ್ಕೆ ತಿರುಗಿಸಿದರು: "ಬಿಡೋ ಮುಂಚೆ ಒಂದು ಮಾತು ಹೇಳ್ತಾರಾ ಅಂತ ಕೇಳ್ತಾಳೆ."