ಗುಂಡಿಯ ಪಕ್ಕ ಕೂತು ಬರೆಯಬಹುದಾದದ್ದು

ಜೂನ್ 14, 2025, ಶನಿವಾರ, ರಾತ್ರಿ

ಅಣ್ಣನ ಮಗಳಿಗೆ ಸೋಮವಾರ ಸೆಮಿನಾರ್. ಸಂಜೆ ಸ್ಲೈಡುಗಳನ್ನು ಕಳಿಸಿದ್ದಳು. ಮೊದಲನೆಯದರಲ್ಲೇ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಕೋಸ್ಟರಿಕಾದ ಗೋಲ್ಡನ್ ಟೋಡ್ ಹವಾಮಾನ ಬದಲಾವಣೆಯಿಂದ ನಾಶವಾದದ್ದನ್ನು ವಿಜ್ಞಾನಿಗಳು 1989ರಲ್ಲಿ ಗಮನಿಸಿದರು." ಊಟ ಆರಿಹೋಗುವ ತನಕ ಫೋನಿನಲ್ಲಿ ಈ ಒಂದು ವಾಕ್ಯದ ಮೇಲೇ ಮಾತು.

"ಗಮನಿಸಿದವರು ಯಾರಮ್ಮಾ?"

"ಕಪ್ಪೆ ಸಂಶೋಧಕಿ ಮಾರ್ಥಾ ಕ್ರಂಪ್ ಮತ್ತೆ ಅವರ ಜೊತೆಗಿದ್ದವರು, ಚಿಕ್ಕಪ್ಪ. ಮಾಂಟೆವೆರ್ಡೆಯಲ್ಲಿ."

"ಅವರ ಕಣ್ಣಿಗೆ ಬಿದ್ದದ್ದೇನು?"

"ಕಪ್ಪೆ ನಾಶವಾದದ್ದು."

ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರ ಕಣ್ಣಿಗೆ ಬಿದ್ದಿತ್ತು. ಟಿಲರಾನ್ ಬೆಟ್ಟಸಾಲಿನ ನೆತ್ತಿಯಲ್ಲಿ, ಗಾಳಿಗೆ ಕುಳ್ಳಾಗಿಯೇ ಉಳಿದ ಮರಗಳ ಮೋಡದ ಕಾಡು. ಕಪ್ಪೆ ಇದ್ದದ್ದು 10 ಚದರ ಕಿ.ಮೀ.ಗೂ ಕಡಿಮೆ ಜಾಗದಲ್ಲಿ. ವರ್ಷದ ಬಹುಪಾಲು ಯಾರಿಗೂ ಕಾಣಿಸದು. ಏಪ್ರಿಲ್‌ನಿಂದ ಜೂನ್ ನಡುವೆ ಮಳೆ ಹಿಡಿದಾಗ ಕೆಲವೇ ದಿನ ಬೇರುಗಳ ಸಂದಿನ ನೀರುಗುಂಡಿಗಳಿಗೆ ಗುಂಪಾಗಿ ಬರುತ್ತಿತ್ತು: ಗಂಡು ಉರಿಯುವ ಕಿತ್ತಳೆ ಬಣ್ಣ, ಹೆಣ್ಣು ಕಪ್ಪು ಮೈಮೇಲೆ ಹಳದಿ ಅಂಚಿನ ಕೆಂಪು ಚುಕ್ಕೆ. 1987ರಲ್ಲಿ ಎಣಿಸಿದ್ದು 1,500ಕ್ಕೂ ಹೆಚ್ಚು. ಹತ್ತು ಗುಂಡಿಗಳಲ್ಲಿ ಸುಮಾರು 43,500 ಮೊಟ್ಟೆ. ಗುಂಡಿಗಳು ಬೇಗ ಒಣಗಿದವು, ವಾರ ದಾಟಿ ಬದುಕಿದ ಗೊದಮೊಟ್ಟೆಗಳು 29. 1988ರಲ್ಲಿ ಸಿಕ್ಕಿದ್ದು ಒಟ್ಟು 10 ಕಪ್ಪೆ. 1989ರ ಮೇ 15ರಂದು ಒಂದೇ ಒಂದು ಗಂಡು. ಆಮೇಲೆ ಸೊನ್ನೆ.

"ಸರಿ, ಗುಂಡಿ ಒಣಗಿ ಸತ್ತವಲ್ಲ!" ಅಂದಳು. ಒಣಗಿದ್ದು ಮೊಟ್ಟೆ. 1,500 ದೊಡ್ಡ ಕಪ್ಪೆಗಳು ಏನಾದವು ಎಂಬುದಕ್ಕೆ ಸಾಕ್ಷಿಯೇ ಇಲ್ಲ, ಹೆಣಗಳ ರಾಶಿ ಕಂಡ ದಾಖಲೆಯೂ ಇಲ್ಲ. ಒಂದು ವರ್ಷದ ಮರಿಗಳು ಕೈತಪ್ಪಿದ್ದು ಒಂದು ಸಂಗತಿ, ದೊಡ್ಡವು ಮರುವರ್ಷ ಬಾರದೇ ಹೋದದ್ದು ಇನ್ನೊಂದು. ಎರಡನ್ನೂ ಪೋಣಿಸಿದ ದಾರ ನಮ್ಮದು.

ಅವಳಿಗೆ ಒಂದು ಪರೀಕ್ಷೆ ಹೇಳಿಕೊಟ್ಟೆ. ಬರವೇ ಕಾರಣ ಎನ್ನುವವರನ್ನೂ ರೋಗವೇ ಕಾರಣ ಎನ್ನುವವರನ್ನೂ ಒಂದೇ ಗುಂಡಿಯ ಪಕ್ಕ ಕೂರಿಸಬೇಕು. ಇಬ್ಬರೂ ತಕರಾರಿಲ್ಲದೆ ಬರೆಯಬಹುದಾದ ವಾಕ್ಯ ಕಂಡದ್ದು. ಒಬ್ಬರು ಪೆನ್ನು ಕೆಳಗಿಟ್ಟ ಜಾಗದಿಂದ ಮುಂದೆ ಊಹೆ. "ಗುಂಡಿಯಲ್ಲಿ ನೀರಿಲ್ಲ, ಮೊಟ್ಟೆಗಳ ಮೇಲೆ ಬೂಷ್ಟು" ಎಂದರೆ ಇಬ್ಬರೂ ಬರೆಯುತ್ತಾರೆ. "ಬರದಿಂದ ಸತ್ತ ಮೊಟ್ಟೆ" ಅಂದಕೂಡಲೇ ಜಗಳ. ನೋಟ್‌ಬುಕ್ಕಿನಲ್ಲಿ ಎಡಪುಟ ಕಂಡದ್ದಕ್ಕೆ, ಬಲಪುಟ ಊಹೆಗೆ, ಮತ್ತು ಎಡಪುಟವನ್ನು ಅಲ್ಲೇ ಕೂತು ಬರೆಯಬೇಕು. ರಾತ್ರಿ ರೂಮಿಗೆ ಬಂದು ಬರೆದರೆ ಬಲಪುಟದ್ದು ಎಡಕ್ಕೆ ಸೋರುತ್ತದೆ.

"ನಿರ್ನಾಮವಾಯಿತು ಅನ್ನೋದಾದರೂ ಕಂಡದ್ದೇ ಅಲ್ವಾ?"

ಅದೂ ಅಲ್ಲ. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2004ರಲ್ಲಿ ಹಾಗೆ ಘೋಷಿಸಿತು, ಘೋಷಣೆಗೆ ಬೇಕಾದದ್ದು ಕೊನೆಯ ಜೀವಿ ಸತ್ತಿತೆಂಬುದರಲ್ಲಿ ಸಕಾರಣವಾದ ಅನುಮಾನಕ್ಕೆ ಎಡೆ ಇರಬಾರದು ಎಂಬುದು. ಅಂದರೆ ತೀರ್ಮಾನ. ಅದರ ಗಟ್ಟಿತನವೆಲ್ಲ ಹುಡುಕಾಟದ ಮೇಲೆ ನಿಂತಿದೆ. ಕಪ್ಪೆ ಇದ್ದಾಗ ಒಂದು ಭೇಟಿಯಲ್ಲಿ ಕಾಣುವ ಸಾಧ್ಯತೆ 0.3 ಅಂದುಕೊಂಡರೆ, 10 ಭೇಟಿಯಲ್ಲೂ ತಪ್ಪಿಹೋಗುವ ಸಾಧ್ಯತೆ 0.7ರ ಹತ್ತನೇ ಘಾತ, ನೂರಕ್ಕೆ ಸುಮಾರು 3. ಕಾಣುವ ಸಾಧ್ಯತೆ 0.05 ಆದರೆ ಅದೇ 10 ಭೇಟಿಗೆ ನೂರಕ್ಕೆ 60. ಅದನ್ನು 5ರ ಕೆಳಗೆ ಇಳಿಸಬೇಕಾದರೆ 59 ಭೇಟಿ ಬೇಕು. ಈ ಲೆಕ್ಕವೂ ಭೇಟಿಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ ಮಾತ್ರ. ವರ್ಷಕ್ಕೆ ಕೆಲವೇ ದಿನ ಹೊರಬರುವ ಕಪ್ಪೆಯನ್ನು ತಪ್ಪು ತಿಂಗಳಲ್ಲಿ ನೂರು ಸಲ ಹುಡುಕಿದರೂ ಪುಟದಲ್ಲಿ ಏನೂ ಸೇರುವುದಿಲ್ಲ. ಹಾಗಾಗಿ ಬರಿಯ "ಕಪ್ಪೆ ಇಲ್ಲ" ಎಂದು ಬರೆಯಲೇಬಾರದು. ಯಾವ ಗುಂಡಿ, ಎಷ್ಟು ಜನ, ಎಷ್ಟು ಹೊತ್ತು, ಹಿಂದಿನ ರಾತ್ರಿ ಎಷ್ಟು ಮಿ.ಮೀ. ಮಳೆ, ನೀರಿನ ತಾಪ, ಆಮೇಲೆ 0. ಆ ಸೊನ್ನೆಗೆ ಬೆಲೆಯಿದೆ.

ನಮ್ಮ ಘಟ್ಟದಲ್ಲೇ ನೋಡಿ, ರಾವೋರ್ಕೆಸ್ಟಿಸ್ ಚಲಜೋಡಿಸ್ ಎಂಬ ಪುಟ್ಟ ಹಸಿರು ಕಪ್ಪೆ 136 ವರ್ಷ ಕಾಣದೇ ಇದ್ದು, ಮತ್ತೆ ಸಿಕ್ಕಿದ ಸುದ್ದಿ 2011ರಲ್ಲಿ ಬಂತು. ಎಷ್ಟು ಸಂತೋಷಪಟ್ಟಿದ್ದೆವು ಆ ದಿನ.

ಕ್ರಂಪ್ ತಂಡ 1992ರಲ್ಲಿ ಬರೆದ ಲೇಖನದ ಮೇಲೆ ನನಗೆ ಗೌರವ ಇರುವುದು ಇದಕ್ಕೇ. ಕಪ್ಪೆಗಳು ಮಣ್ಣಿನಡಿ ಒಳ್ಳೆ ಮಳೆಗೆ ಕಾಯುತ್ತಿರಬಹುದು ಎಂಬ ಊಹೆಯನ್ನೂ ಅವರು ಬಿಟ್ಟುಕೊಟ್ಟಿರಲಿಲ್ಲ. ಅದು ಸೋಲಬಲ್ಲ ಊಹೆ: ಒಳ್ಳೆ ಮಳೆ ಬಂದೂ ಕಪ್ಪೆ ಬಾರದಿದ್ದರೆ ಸೋಲು. ಹಾಗೆಯೇ ಸೋತಿತು. 1997ರಲ್ಲಿ ಮಾಂಟೆವೆರ್ಡೆಯ ಇನ್ನೊಬ್ಬ ಸಂಶೋಧಕ ಪೌಂಡ್ಸ್ ಮತ್ತು ಜೊತೆಗಾರರು ಇನ್ನೊಂದು ದಾರಿ ಹಿಡಿದರು. ಸುತ್ತಲಿನ 30 ಚದರ ಕಿ.ಮೀ.ಯಲ್ಲಿದ್ದ 50 ಕಪ್ಪೆ ಜಾತಿಗಳಲ್ಲಿ 20 ಕಾಣೆ. ಸಹಜ ಏರಿಳಿತದಿಂದ ಇಷ್ಟು ಜಾತಿ ಒಟ್ಟಿಗೆ ಹೋಗಬಹುದೇ ಎಂದು ಲೆಕ್ಕ ಹಾಕಿದರು. ಹೊಂದಲಿಲ್ಲ.

ಕಾರಣದ ವಿಷಯಕ್ಕೆ ಬಂದರೆ ಬಲಪುಟ ತುಂಬಿ ತುಳುಕುತ್ತದೆ. ಮೋಡ ಮೇಲಕ್ಕೆ ಸರಿದು ಮಂಜಿಲ್ಲದ ದಿನಗಳು ಹೆಚ್ಚಿದವು ಎಂದು 1999ರಲ್ಲಿ ಬಂತು. ಬಿಸಿಯಾದ ಹವೆ ಕಪ್ಪೆಗಳ ಚರ್ಮಕ್ಕೆ ರೋಗ ತರುವ ಕೈಟ್ರಿಡ್ ಶಿಲೀಂಧ್ರಕ್ಕೆ ಅನುಕೂಲವಾಯಿತು ಎಂದು 2006ರಲ್ಲಿ. ಅದಕ್ಕೆ 2008ರಲ್ಲಿ ಬಂದ ಉತ್ತರ ನನಗೆ ಬಹಳ ಇಷ್ಟ: ಮಧ್ಯ ಮತ್ತು ದಕ್ಷಿಣ ಅಮೆರಿಕದ ಅಟೆಲೋಪಸ್ ಕುಲದ ಕಪ್ಪೆಗಳು ಕಣ್ಮರೆಯಾದ ವರ್ಷಗಳು ತಾಪಮಾನಕ್ಕಿಂತ ಆ ಸೀಮೆಯ ಬಾಳೆಹಣ್ಣು ಮತ್ತು ಬಿಯರ್ ಉತ್ಪಾದನೆಯೊಂದಿಗೆ ಇನ್ನೂ ಚೆನ್ನಾಗಿ ಹೊಂದುತ್ತವೆ ಎಂದು ತೋರಿಸಿದರು. ಎರಡೂ ಏರುತ್ತಿರುವ ಗೆರೆಗಳಾದರೆ ಹೊಂದಾಣಿಕೆ ಸುಲಭ. ಅಲ್ಲಿನ ಮರಗಳಲ್ಲಿ ವರ್ಷದ ಉಂಗುರ ಸ್ಪಷ್ಟವಿಲ್ಲದ್ದರಿಂದ, ಹಿಂದಿನ ವರ್ಷಗಳು ಎಷ್ಟು ಒಣ, ಎಷ್ಟು ಒದ್ದೆ ಎಂದು ತಿಳಿಯಲು 2010ರಲ್ಲಿ ಮರಗಳ ಸೆಲ್ಯುಲೋಸಿನ ಆಮ್ಲಜನಕ ಐಸೊಟೋಪು ಅಳೆದರು. ಶತಮಾನದುದ್ದಕ್ಕೆ ಒಣಗುತ್ತ ಬಂದ ಕುರುಹು ಸಿಗಲಿಲ್ಲ, 1986–87ರ ಎಲ್ ನಿನೊ ಬರ ಮಾತ್ರ ಎದ್ದು ಕಂಡಿತು.

"ಹಾಗಾದರೆ ಶಿಲೀಂಧ್ರವೇ ಅಂತ ಬರೀಲಾ?" ಅಂದಳು ಉತ್ಸಾಹದಿಂದ. ಅಯ್ಯೋ.

1987ರ ಹೊತ್ತಿಗೆ ಮಾಂಟೆವೆರ್ಡೆಯ ಬೇರೆ ಉಭಯಚರಿಗಳ ಮೇಲೆ ಕೈಟ್ರಿಡ್ ಇದ್ದದ್ದು ಸಂಗ್ರಹಾಲಯದ ಮಾದರಿಗಳಿಂದ ಗೊತ್ತಾಗಿದೆ. ಗೋಲ್ಡನ್ ಟೋಡಿನ ಮಾದರಿಗಳನ್ನು ಪರೀಕ್ಷಿಸಿದಾಗ ಸಿಗಲಿಲ್ಲ, 2013ರ ವರದಿ. ಆದರೆ ಅವು ಕುಸಿತಕ್ಕೂ ಮುಂಚೆ ಹಿಡಿದವು. ಸಾಲದ್ದಕ್ಕೆ ಮಾದರಿ ಕೆಡದಂತೆ ಬಳಸುವ ಫಾರ್ಮಲಿನ್ ಡಿಎನ್ಎಯನ್ನು ಮುರಿಯುತ್ತದೆ. ಅಲ್ಲಿ ಕಂಡದ್ದು "ಈ ಮಾದರಿಯ ಚರ್ಮ ಒರೆಸಿದ ಹತ್ತಿಯಿಂದ ಪಿಸಿಆರ್ ಎಂಬ ಡಿಎನ್ಎ ಪರೀಕ್ಷೆಯಲ್ಲಿ ಏನೂ ಬರಲಿಲ್ಲ" ಎಂಬಷ್ಟು. "ರೋಗ ಇರಲಿಲ್ಲ" ಎಂಬುದಕ್ಕೆ ಅಲ್ಲಿಂದ ಇನ್ನೂ ಎರಡು ಹೆಜ್ಜೆ. ನನ್ನ ಅಭಿಪ್ರಾಯ ಕೇಳಿದಳು. ಬರ ಕಪ್ಪೆಗಳನ್ನು ಉಳಿದ ಕೆಲವೇ ಒದ್ದೆ ಜಾಗಗಳಿಗೆ ಒತ್ತಿತು, ಅಲ್ಲಿ ಶಿಲೀಂಧ್ರ ಹಬ್ಬಿತು ಎಂಬುದೇ ನನಗೆ ಹೆಚ್ಚು ಒಪ್ಪಿಗೆ. ಅದನ್ನೂ ಬಲಪುಟದಲ್ಲೇ ಬರಿ ಅಂದೆ.

ಮೊದಲ ಸ್ಲೈಡು ಈಗ ಹೀಗಾಗಿದೆ: "1987ರಲ್ಲಿ 1,500ಕ್ಕೂ ಹೆಚ್ಚು, 1988ರಲ್ಲಿ 10, 1989ರಲ್ಲಿ 1. ಮುಂದೆ ಹುಡುಕಿದಾಗ ಸಿಕ್ಕಿಲ್ಲ." ದಪ್ಪ ಅಕ್ಷರ ತೆಗೆಸಿದೆ.

ಇಲ್ಲಿ ಸದ್ಯ ಮಳೆ ಜೋರಾಗಿದೆ. ನಮ್ಮ ಘಟ್ಟಗಳಲ್ಲಿ ಕೈಟ್ರಿಡ್ ಇರುವುದು 2011ರಿಂದಲೂ ವರದಿಯಾಗಿದೆ, ಆದರೆ ಅದರಿಂದ ಕಪ್ಪೆಗಳು ರಾಶಿರಾಶಿ ಸತ್ತ ದಾಖಲೆಯಿಲ್ಲ. ಇದನ್ನು "ಇಲ್ಲಿ ಅಪಾಯವಿಲ್ಲ" ಎಂದು ಓದುವವರನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟ. ಕುಂಬಾರ ಕಪ್ಪೆಯನ್ನು ವಿಜ್ಞಾನ ಹೆಸರಿಸಿದ್ದೇ 2014ರಲ್ಲಿ, ಮೊಟ್ಟೆಗೆ ಕೈಯಾರೆ ಮಣ್ಣು ಮೆತ್ತುವ ಕಪ್ಪೆ ಅದು. ಅದಕ್ಕೂ ಹಿಂದಿನ ಎಣಿಕೆಯನ್ನು ಎಲ್ಲಿಂದ ತರುವುದು? ಈ ಮಳೆಗಾಲ ಒಂದು ಹಳ್ಳ ಹಿಡಿದು, ವಾರಕ್ಕೊಮ್ಮೆ ಅದೇ ನೂರು ಮೀಟರ್, ಅದೇ ಹೊತ್ತು, ಅದೇ ಇಬ್ಬರು ನಡೆದು ಬರೆದಿಟ್ಟರೆ ಕನಿಷ್ಠ ಮುಂದಿನವರಿಗೆ ಎಡಪುಟ ಅಂತ ಒಂದು. ಯಾವ ಹಳ್ಳ ಎಂದು ನಾಳೆ ಅವಳನ್ನೇ ಕೇಳಬೇಕು, ಸೊನ್ನೆ ಬಂದ ವಾರವೂ ಬರೆಯುವುದಾದರೆ ಮಾತ್ರ