ವೇದಿಕೆಯ ಪಿಕ್‌ಪಾಕೆಟ್: ಕದಿಯುವ ಮೊದಲು ಮುಟ್ಟಲು ಕಲಿಯಬೇಕು

ಜಾದೂವಿನಲ್ಲಿ ಸ್ವಲ್ಪ ಕೈ ಪಳಗಿದವರು ಪಿಕ್‌ಪಾಕೆಟ್, ಅಂದರೆ ವೇದಿಕೆಗೆ ಕರೆದ ಪ್ರೇಕ್ಷಕರ ವಸ್ತುಗಳನ್ನು ಆಟಕ್ಕೆಂದು ಕದ್ದು ಮರಳಿಸುವ ಕಲೆ, ಕಲಿಯಲು ಬಂದಾಗ ಮೊದಲು ಕೇಳುವುದು ವಾಚ್ ಬಿಚ್ಚುವುದು ಹೇಗೆ ಎಂದು. ಅದನ್ನು ಒಂದು ಸಂಜೆಯಲ್ಲಿ ತೋರಿಸಿಕೊಡಬಹುದು. ಆದರೂ ವಿಧಾನ ಚೆನ್ನಾಗಿ ಗೊತ್ತಿರುವವರೇ ವೇದಿಕೆಯಲ್ಲಿ ಸಿಕ್ಕಿಬೀಳುತ್ತಾರೆ. ಎದುರಿಗಿರುವವರ ಮೈ ಮುಟ್ಟಲು ಅವರ ಹತ್ತಿರ ಕಾರಣವೇ ಇರುವುದಿಲ್ಲ, ತೊಂದರೆ ಇರುವುದು ಅಲ್ಲಿ. ಕಾರಣವಿಲ್ಲದೆ ಮುಟ್ಟಿದರೆ ಯಾರೇ ಆದರೂ ಎಚ್ಚರವಾಗುತ್ತಾರೆ. ಕಾರಣ ಇದ್ದರೆ ಎಷ್ಟು ಗಟ್ಟಿಯಾಗಿ ಮುಟ್ಟಿದರೂ ಆ ಸ್ಪರ್ಶ ಅವರ ಲೆಕ್ಕಕ್ಕೇ ಬರುವುದಿಲ್ಲ. ಈ ಕೆಲಸದ ಉಳಿದ ಪಾಠಗಳೆಲ್ಲ ಇದರ ಹಿಂದೆ ಬರುತ್ತವೆ.

ಬೇರೆ ಜಾದೂಗಳಲ್ಲಿ ಗುಟ್ಟನ್ನು ಎಲ್ಲರಿಂದಲೂ ಮುಚ್ಚಿಡಬೇಕು. ಇಲ್ಲಿ ಹಾಗಲ್ಲ. ಸಭಾಂಗಣದಲ್ಲಿರುವ ಎಲ್ಲರಿಗೂ ಕಳ್ಳತನ ಕಾಣಬೇಕು, ವೇದಿಕೆಗೆ ಬಂದ ಒಬ್ಬರಿಗೆ ಮಾತ್ರ ಗೊತ್ತಾಗಬಾರದು. ನಗು ಹುಟ್ಟುವುದು ಆ ಅಂತರದಿಂದ. ಯಾರಿಗೂ ಕಾಣದಂತೆ ಕದ್ದು ಕೊನೆಗೆ ಎಲ್ಲವನ್ನೂ ಜೇಬಿನಿಂದ ತೆಗೆದು ತೋರಿಸುವವರೂ ಇದ್ದಾರೆ. ಒಂದು ಸಲ ಅಚ್ಚರಿಯಾಗುತ್ತದೆ, ಅಷ್ಟೇ. ಯುರೋಪಿನ ಸರ್ಕಸ್‌ಗಳಲ್ಲಿ ಹೆಸರು ಮಾಡಿದ ಬೋರಾ ಅವರಂಥವರು ಇಡೀ ರಂಗದ ಜನರ ಕಣ್ಣೆದುರಿಗೇ ಕದಿಯುತ್ತಿದ್ದರು. ಹಾಗಾಗಿ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಎಡಗೈಗೆ ವಾಚ್ ಕಟ್ಟಿದ ಅತಿಥಿ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತಿದ್ದರೆ ನೀವು ಅವರ ಎಡಪಕ್ಕದಲ್ಲಿ, ಒಂದು ಹೆಜ್ಜೆ ಮುಂದೆ, ಅವರ ಕಡೆ ಅರ್ಧ ತಿರುಗಿ ನಿಲ್ಲಬೇಕು. ಆಗ ಅವರ ಮಣಿಕಟ್ಟು ಸಭೆಗೆ ಕಾಣುತ್ತದೆ, ಅವರ ಕಣ್ಣು ನಿಮ್ಮ ಮುಖದ ಮೇಲಿರುತ್ತದೆ. ಎದುರುಬದುರು ನಿಂತರೆ ಅವರ ನೋಟ ಸುಮ್ಮನೆ ಕೆಳಗಿಳಿದರೂ ನಿಮ್ಮ ಕೈ ಕಾಣುತ್ತದೆ.

ಮುಟ್ಟಲು ಕಾರಣ ಬೇಕು ಎಂದೆನಲ್ಲ, ಒಂದು ನಾಣ್ಯ ಸಾಕು. ಅತಿಥಿಯ ಎಡ ಅಂಗೈಯಲ್ಲಿ ನಾಣ್ಯ ಇಟ್ಟು, ಮುಷ್ಟಿ ಮುಚ್ಚಿಸಿ, ಮುಷ್ಟಿಯನ್ನು ಕೆಳಮುಖ ತಿರುಗಿಸಿ, “ಗಟ್ಟಿಯಾಗಿ ಹಿಡಿದುಕೊಳ್ಳಿ, ನಾನು ಬಿಡಿಸಿಕೊಳ್ಳುತ್ತೇನೆ” ಎನ್ನಿ. ಆಟ ನಾಣ್ಯದ್ದು ಎಂದು ಅವರು ನಂಬುತ್ತಾರೆ. ಕೈ ಹಿಡಿಯುವುದು, ಮಣಿಕಟ್ಟು ತಿರುಗಿಸುವುದು, ಮುಷ್ಟಿಯ ಮೇಲೆ ತಟ್ಟುವುದು ಎಲ್ಲವೂ ಆ ಆಟದ ಭಾಗವಾಗಿಬಿಡುತ್ತವೆ. ಮುಷ್ಟಿ ಬಿಗಿ ಹಿಡಿದಾಗ ಮಣಿಕಟ್ಟಿನ ಸ್ನಾಯುಗಳೆಲ್ಲ ಸೆಟೆಯುತ್ತವೆ, ಚರ್ಮಕ್ಕೆ ಸಣ್ಣ ಸ್ಪರ್ಶ ಬೇರೆಯಾಗಿ ತಿಳಿಯುವುದು ಕಷ್ಟವಾಗುತ್ತದೆ.

ಇನ್ನು ವಾಚ್. ಚರ್ಮದ ಬೆಲ್ಟು, ಮುಳ್ಳಿನ ಬಕಲ್ ಇರುವ ವಾಚಿನಿಂದಲೇ ಆರಂಭಿಸಿ. ನಿಮ್ಮ ಹೆಬ್ಬೆರಳು ಡಯಲ್ ಇರುವ ಕಡೆ, ಉಳಿದ ಬೆರಳುಗಳು ಮಣಿಕಟ್ಟಿನ ಕೆಳಗೆ ಬರುವಂತೆ ಕೈ ಹಿಡಿದು ಒಮ್ಮೆ ಒತ್ತಬೇಕು. ಈ ಒತ್ತು ಮುಖ್ಯ. ಚರ್ಮದ ಸಂವೇದನೆ ಒಂದೇ ಸಮನಾದ ಒತ್ತಡಕ್ಕೆ ಬೇಗ ಒಗ್ಗಿಹೋಗುತ್ತದೆ, ಕಟ್ಟಿದ ವಾಚಿನ ಅರಿವು ದಿನವಿಡೀ ನಮಗಾಗದಿರುವುದು ಅದರಿಂದಲೇ. ಗಟ್ಟಿಯಾಗಿ ಒತ್ತಿ ಬಿಟ್ಟರೆ ಆ ಒತ್ತಡ ಇನ್ನೂ ಇದೆ ಎಂಬ ಭಾವನೆ ಸ್ವಲ್ಪ ಹೊತ್ತು ಉಳಿಯುತ್ತದೆ. ವಾಚ್ ಹೋದ ಮೇಲೂ ಇದ್ದಂತೆ ಅನ್ನಿಸುವುದು ಆ ಉಳಿಕೆಯಿಂದ. ಒತ್ತಿದ ಮೇಲೆ ನಡುಬೆರಳಿನಿಂದ ಬೆಲ್ಟಿನ ತುದಿಯನ್ನು ಲೂಪಿನಿಂದ ಹೊರಗೆ ತಳ್ಳಿ. ತುದಿಯನ್ನು ಬೆರಳುಗಳ ನಡುವೆ ಹಿಡಿದು ಹಿಂದಕ್ಕೆ ಎಳೆದರೆ ಮುಳ್ಳು ತೂತಿನಿಂದ ಕಳಚುತ್ತದೆ. ಬೆಲ್ಟು ಅರೆಕ್ಷಣ ಇನ್ನಷ್ಟು ಬಿಗಿಯಾಗುವುದು ಇಲ್ಲೇ. ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಈ ಅರೆಕ್ಷಣದಲ್ಲಿ. ಆದ್ದರಿಂದ ಎಳೆಯುವಾಗಲೇ ಇಡೀ ಮಣಿಕಟ್ಟನ್ನು ಒತ್ತಬೇಕು, ಮುಷ್ಟಿಯನ್ನು ಸ್ವಲ್ಪ ಮೇಲೆತ್ತಬೇಕು, ಬಾಯಲ್ಲಿ ಪ್ರಶ್ನೆಯೊಂದು ಇರಬೇಕು. ಮುಳ್ಳು ಕಳಚಿದ ಮೇಲೆ ತುದಿ ಬಕಲ್‌ನಿಂದ ಹೊರಬರುವ ತನಕ ಅದೇ ವೇಗದಲ್ಲಿ ಎಳೆದು, ಡಯಲನ್ನು ಅಂಗೈಗೆ ಇಳಿಸಿಕೊಳ್ಳಿ. ಕೈಯನ್ನು ಸರಕ್ಕನೆ ಹಿಂದೆಗೆಯುವ ಚಪಲ ಬರುತ್ತದೆ, ತಡೆದುಕೊಳ್ಳಿ. ನಿಮ್ಮ ಕೈ ನಿಂತಲ್ಲೇ ನಿಲ್ಲಲಿ, ಇನ್ನೊಂದು ಕೈಯಿಂದ ಅತಿಥಿಯ ಮುಷ್ಟಿಯನ್ನು ಅವರ ಎದೆಯ ಕಡೆ ಸರಿಸಿ. ಅವರ ಕೈಯೇ ವಾಚನ್ನು ಬಿಟ್ಟು ಹೋಗುತ್ತದೆ.

ಎಲ್ಲ ವಾಚಿಗೂ ಕೈ ಹಾಕುವಂತಿಲ್ಲ. ಹೊಸ ಚರ್ಮದ ಬೆಲ್ಟು ಗಡುಸಾಗಿರುತ್ತದೆ, ಲೂಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಮತ್ತು ಸಿಲಿಕೋನ್ ಬೆಲ್ಟುಗಳು ಬೆವರಿದ ಚರ್ಮಕ್ಕೆ ಅಂಟುತ್ತವೆ. ಹಿಗ್ಗುವ ಲೋಹದ ಪಟ್ಟಿಯಲ್ಲಿ ಕೈಯ ಕೂದಲು ಸಿಕ್ಕಿ ಚುರ್ರೆನ್ನುತ್ತದೆ. ಮಡಚುವ ಲೋಹದ ಕೊಂಡಿ ಕ್ಲಿಕ್ ಎಂದು ಸದ್ದು ಮಾಡುತ್ತದೆ, ಕೆಲವಕ್ಕೆ ಎರಡು ಹಂತದ ಲಾಕ್ ಬೇರೆ. ಸ್ಮಾರ್ಟ್‌ವಾಚ್ ಅಲುಗಿದರೆ ಪರದೆ ಬೆಳಗಿ ಗುಟ್ಟು ಬಯಲಾಗುತ್ತದೆ. ಲೋಹದ ಕೊಂಡಿಯ ಅಭ್ಯಾಸ ಆಮೇಲೆ ಮಾಡಬಹುದು, ಉಳಿದವನ್ನು ಮೊದಲ ವರ್ಷದಲ್ಲಿ ಬಿಟ್ಟುಬಿಡುವುದೇ ಜಾಣತನ.

ಅಭ್ಯಾಸಕ್ಕೆ ಟವೆಲನ್ನು ಮಣಿಕಟ್ಟಿನ ದಪ್ಪಕ್ಕೆ ಸುತ್ತಿ ವಾಚ್ ಕಟ್ಟಿ, ಕಣ್ಣು ಮುಚ್ಚಿ ಬಿಚ್ಚಿ. ಬೆರಳಿಗೆ ದಾರಿ ಗೊತ್ತಾದ ಮೇಲೆ ಒಪ್ಪಿಗೆ ಕೊಟ್ಟ ಗೆಳೆಯರೊಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ, ಏನಾದರೂ ಅನ್ನಿಸಿದ ಕ್ಷಣದಲ್ಲೇ “ಈಗ” ಎನ್ನಲು ಹೇಳಿ. ಯಾವ ಹಂತದಲ್ಲಿ “ಈಗ” ಬರುತ್ತದೆ ಎಂದು ಬರೆದಿಟ್ಟರೆ ತಪ್ಪು ಎಲ್ಲಿದೆ ಎಂದು ತಾನಾಗಿ ತಿಳಿಯುತ್ತದೆ. ಸುಮಾರಾಗಿ ಎಲ್ಲರದ್ದೂ ಮುಳ್ಳು ಕಳಚುವಾಗಲೇ ಬರುತ್ತದೆ.

ಕೋಟಿನ ಜೇಬಿನ ಲೆಕ್ಕ ಬೇರೆ. ವಸ್ತು ಹೊರಬಂದದ್ದು ಯಾರಿಗೂ ಅಷ್ಟಾಗಿ ತಿಳಿಯುವುದಿಲ್ಲ, ಬಟ್ಟೆ ಜಗ್ಗಿದ್ದು ತಿಳಿಯುತ್ತದೆ. ಇಲ್ಲಿ ಕೂಡ ಕೈ ಎಳೆಯಬಾರದು, ವ್ಯಕ್ತಿ ಸರಿಯಬೇಕು. “ಸ್ವಲ್ಪ ಈ ಕಡೆ ಬನ್ನಿ, ಬೆಳಕಿಗೆ” ಎಂದು ಭುಜ ಹಿಡಿದು ಒಂದು ಹೆಜ್ಜೆ ಸರಿಸಿದರೆ ಭುಜದ ಮೇಲಿನ ಕೈಯ ಭಾರ ಜೇಬಿನ ಕಡೆಯ ಅಲುಗಾಟವನ್ನು ನುಂಗಿಹಾಕುತ್ತದೆ. ಪ್ಯಾಂಟಿನ ಜೇಬುಗಳಿಗೆ ಕೈ ಹಾಕಲೇಬಾರದು. ತಂತ್ರ ಇದೆ, ಆದರೆ ಅಲ್ಲಿ ಮುಟ್ಟಲು ಮರ್ಯಾದೆಯ ಕಾರಣ ಯಾವುದೂ ಇಲ್ಲ.

ಕಣ್ಣಿನ ವಿಷಯಕ್ಕೆ ಬಂದರೆ ಅಮೆರಿಕದ ಅಪೊಲೊ ರಾಬಿನ್ಸ್ ಅವರ ಅನುಭವ ಬಹಳ ಉಪಯೋಗಕ್ಕೆ ಬರುತ್ತದೆ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಂಗರಕ್ಷಕರ ಜೇಬುಗಳನ್ನೇ 2001ರಲ್ಲಿ ಖಾಲಿ ಮಾಡಿ ತೋರಿಸಿದವರು ಅವರು. ಕೈಯನ್ನು ನೇರ ಗೆರೆಯಲ್ಲಿ ಸರಿಸಿದರೆ ನೋಡುವವರ ಕಣ್ಣು ಕೊನೆಗೆ ಹಾರಿ ಮತ್ತೆ ಹೊರಟಲ್ಲಿಗೇ ಮರಳುತ್ತದೆ, ಕಮಾನಿನಂತೆ ಬಾಗಿಸಿ ಸರಿಸಿದರೆ ಕಣ್ಣು ಕೈಯ ಹಿಂದೆಯೇ ಹೋಗುತ್ತದೆ ಎಂದು ಅವರು ಗಮನಿಸಿದ್ದರು. ನರವಿಜ್ಞಾನಿಗಳ ಜೊತೆ ಸೇರಿ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬಾಗಿದ ಚಲನೆಯೇ ಗಮನವನ್ನು ಹೆಚ್ಚು ಸೆಳೆಯುತ್ತದೆ ಎಂದು ಕಂಡುಬಂತು. ನಾಣ್ಯ ಎತ್ತಿ ತೋರಿಸುವ ಕೈಯನ್ನು ಬಾಗಿಸಿ ಮೇಲೆ ಒಯ್ಯಿರಿ. ಮಾತಿನ ವಿಷಯದಲ್ಲಿ, ಹೆಸರು ಕೇಳಿದರೆ ಅತಿಥಿ ಯೋಚಿಸದೆ ಹೇಳಿಬಿಡುತ್ತಾರೆ, ಅವರ ಗಮನ ಮೈಮೇಲೇ ಉಳಿಯುತ್ತದೆ. “ಮುಷ್ಟಿಯೊಳಗೆ ಈಗ ನಾಣ್ಯದ ಯಾವ ಮುಖ ಮೇಲಿದೆ?” ಎಂದು ಕೇಳಿ. ನೆನಪು ಮಾಡಿಕೊಳ್ಳುವಷ್ಟು ಹೊತ್ತು ಮೈ ಮರೆತಿರುತ್ತಾರೆ.

ಯಾರನ್ನು ಕರೆಯಬೇಕು ಎಂಬುದನ್ನು ಪ್ರದರ್ಶನಕ್ಕೆ ಮೊದಲೇ, ಜನ ಒಳಗೆ ಬರುವಾಗ ನೋಡಿಟ್ಟುಕೊಳ್ಳಬೇಕು. ಸಡಿಲ ಕೋಟು, ಬಕಲ್ ಇರುವ ವಾಚ್, ಅಂಗಿಯ ತೋಳಿನಿಂದ ಹೊರಗೆ ಕಾಣುವ ಮಣಿಕಟ್ಟು, ಸುಲಭವಾಗಿ ನಗುವ ಮುಖ. ಕುಡಿದವರು ಬೇಡ, ಅವರ ಪ್ರತಿಕ್ರಿಯೆ ಹೇಗಿರುತ್ತದೆ ಎಂದು ಹೇಳಲಾಗದು. ಕೈಗಳನ್ನು ಮೈಗೆ ಒತ್ತಿಕೊಂಡು ಕುಳಿತವರನ್ನು ಬಲವಂತದಿಂದ ಎಬ್ಬಿಸಬೇಡಿ. ಮೈ ಮುಟ್ಟುವುದು, ವಸ್ತು ತೆಗೆಯುವುದು, ಎಲ್ಲವನ್ನೂ ಮರಳಿಸುವುದು ಈ ಆಟದಲ್ಲಿದೆ ಎಂದು ಆರಂಭದಲ್ಲೇ ಎಲ್ಲರಿಗೂ ಹೇಳಿ, ಮೇಲೆ ಬಂದವರಿಂದ ಒಪ್ಪಿಗೆ ಪಡೆಯಿರಿ. ಹೇಳಿದರೆ ಎಚ್ಚರವಾಗಿರುತ್ತಾರಲ್ಲ ಎಂಬ ಅಳುಕು ಬೇಡ. ಎಚ್ಚರದಿಂದ ಜೇಬು ಮುಟ್ಟಿ ನೋಡಿಕೊಳ್ಳುವವರು ಪರ್ಸು ಎಲ್ಲಿದೆ ಎಂದು ತಾವೇ ತೋರಿಸಿಕೊಡುತ್ತಾರೆ. ಉಂಗುರ, ತಾಳಿ, ಔಷಧಿ, ಧಾರ್ಮಿಕ ಚಿಹ್ನೆಗಳಿಗೆ ಕೈ ಹಾಕಬಾರದು. ಫೋನ್ ಬಿದ್ದರೆ ಒಡೆಯುತ್ತದೆ. ತೆಗೆದ ಪರ್ಸನ್ನು ಯಾವ ಕಾರಣಕ್ಕೂ ತೆರೆಯಬೇಡಿ, ತಮಾಷೆಗೂ ಬೇಡ. ವೇದಿಕೆಯಿಂದ ಇಳಿದ ಮೇಲೆ ಒಪ್ಪಿಗೆಯಿಲ್ಲದೆ ತೆಗೆದದ್ದು ಮರಳಿಸಿದರೂ ಆಟ ಅನ್ನಿಸಿಕೊಳ್ಳುವುದಿಲ್ಲ.

ನಿಮ್ಮ ಕೋಟಿನ ಒಳಜೇಬುಗಳ ಬಾಯಿ ಅಗಲವಾಗಿರಲಿ, ಒಳಗೆ ಮೆತ್ತನೆಯ ಬಟ್ಟೆ ಹೊಲಿಸಿ, ಇಲ್ಲವಾದರೆ ವಾಚಿನ ಗಾಜಿಗೆ ಗೀರು ಬೀಳುತ್ತದೆ. ಒಬ್ಬರ ವಸ್ತುಗಳಿಗೆ ಒಂದು ಜೇಬು, ಇನ್ನೊಬ್ಬರದ್ದು ಬೇರೆ ಜೇಬಿಗೆ. ಇಬ್ಬರು ಮೂವರು ಅತಿಥಿಗಳು, ಒಟ್ಟು ಐದಾರು ವಸ್ತು ಸಾಕು. ಅದಕ್ಕಿಂತ ಹೆಚ್ಚಾದರೆ ಲೆಕ್ಕ ತಪ್ಪುತ್ತದೆ, ಸಭೆಗೂ ಬೇಸರವಾಗುತ್ತದೆ. ಇಡೀ ಅಂಗಿಯನ್ನೇ ಎಳೆದು ತೆಗೆಯುವ ಪ್ರಸಿದ್ಧ ಆಟಕ್ಕೆ ಮಾತ್ರ ಮೊದಲೇ ಸಿದ್ಧಮಾಡಿದ ಸಹಾಯಕ ಬೇಕು, ಅಂಗಿಯ ಕಾಲರು ಮತ್ತು ಕೈಪಟ್ಟಿಯ ಗುಂಡಿಗಳನ್ನಷ್ಟೇ ಹಾಕಿ ಉಳಿದದ್ದನ್ನು ಕೋಟಿನೊಳಗೆ ಇಳಿಬಿಟ್ಟಿರುತ್ತಾರೆ.

ಕದಿಯುವುದಕ್ಕಿಂತ ಮರಳಿಸುವುದರಲ್ಲಿ ಹೆಚ್ಚು ರಸವಿದೆ. ಪರ್ಸನ್ನು ಮೊದಲು ಮರಳಿಸಿ. ಅದನ್ನು ಒಂದು ಕೈಯಲ್ಲಿ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಜೇಬು ತಡವಿಕೊಳ್ಳುವಾಗ ಅವರ ಎರಡು ಕೈಗಳಿಗೂ ಕೆಲಸವಿರುತ್ತದೆ, ಮನಸ್ಸು ನಡೆದುಹೋದದ್ದರ ಮೇಲಿರುತ್ತದೆ. ಎದೆಯ ಜೇಬಿನ ಪೆನ್ನು ತೆಗೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ವಾಚನ್ನು ಕೊನೆಗೆ ಉಳಿಸಿ, “ಸಮಯ ಎಷ್ಟಾಯ್ತು?” ಎಂದು ಕೇಳಿ ಸುಮ್ಮನಾಗಿ. ಅವರು ಬರಿ ಮಣಿಕಟ್ಟು ನೋಡಿಕೊಳ್ಳುವ ಹೊತ್ತಿನಲ್ಲಿ ಮಾತಾಡಿ ಆ ನಗುವನ್ನು ಕೆಡಿಸಬೇಡಿ.

ನಡುವೆ ಸಿಕ್ಕಿಬಿದ್ದರೆ ಅಲ್ಲಗಳೆಯಬಾರದು. “ಪರವಾಗಿಲ್ಲ, ನಿಮ್ಮ ಹತ್ತಿರ ಏನೂ ನಡೆಯಲ್ಲ” ಎಂದು ವಸ್ತುವನ್ನು ಅವರ ಕೈಗೇ ಕೊಟ್ಟು, ಚಪ್ಪಾಳೆ ಅವರಿಗೆ ಕೊಡಿಸಿ, ಪಕ್ಕದವರ ಕಡೆ ತಿರುಗಿ. ಅದೇ ಅತಿಥಿಯ ಮೇಲೆ ಅದೇ ವಸ್ತುವಿಗೆ ಮತ್ತೆ ಪ್ರಯತ್ನಿಸಬೇಡಿ.

ತೆಗೆದ ಪ್ರತಿಯೊಂದನ್ನೂ ಪಕ್ಕದ ಪರದೆಯ ಹಿಂದೆ ನಿಂತ ಸಹಾಯಕರು ಚೀಟಿಯಲ್ಲಿ ಗುರುತಿಸಿಕೊಳ್ಳಬೇಕು, ಚೀಟಿಯಲ್ಲಿರುವುದೆಲ್ಲ ಮರಳುವ ತನಕ ಅತಿಥಿಯನ್ನು ಕೆಳಗೆ ಕಳಿಸುವಂತಿಲ್ಲ. ವಾಚನ್ನು ನೀವು ಕಟ್ಟಬೇಡಿ. ಅವರೇ ಕಟ್ಟಿಕೊಂಡು ಮುಳ್ಳು ತೂತಿಗೆ ಸೇರಿತೇ, ಬೆಲ್ಟಿನ ತುದಿ ಲೂಪಿನೊಳಗೆ ಹೋಯಿತೇ ಎಂದು ನೋಡಿ ಆಮೇಲೆ ಕೈ ಹಿಡಿದು ಮೆಟ್ಟಿಲು ಇಳಿಸಿ. ಅವಸರದಲ್ಲಿ ಅರೆಬರೆ ಕಟ್ಟಿದ ವಾಚ್ ಮೆಟ್ಟಿಲ ಮೇಲೆ ಬಿದ್ದು ಗಾಜು ಒಡೆದರೆ ಆ ಖರ್ಚು ಕಲಾವಿದರದ್ದೇ.